ಟಿಕೀಟಿನ ಬೆನ್ನ ಮ್ಯಾಲ

ಚಿಲ್ಲರ ಇಲ್ಲದಾಗ
ಟಿಕೀಟ್ ತಿರುವಿ ಬೆನ್ನ ಮ್ಯಾಲ ಬರದು ಕೊಡತೀನಿ: ೮.
ಇಳಿಯೂಮುಂದ ಕೇಳ್ರಿ ಅಂತೀನಿ.
ಕೆಲವರು ಕೇಳತಾರ. ಕೆಲವರು ನಿದ್ದಿಗಣ್ಣಾಗ
ಅಣ್ಣಿಗೇರಿ ಬಂತಂತ ದಡಬಡ ಇಳದು
ನನ್ನ ಸಾಲಗಾರ್ತಿ ಮಾಡಿ ಹೋಗತಾರ.

ಹುಬ್ಬಳ್ಳಿ–ಗದಗ, ದಿನಾ ಮೂರು ಸುತ್ತು.
ರಾತ್ರಿ ಡಿಪೋದ ಕ್ಯಾಶ್ ಕಿಟಕಿ ಮುಂದ
ಹತ್ತರ ಕಟ್ಟು, ಇಪ್ಪತ್ತರ ಕಟ್ಟು,
ಬೆವರಿಗೆ ಮೆತ್ತಗಾದ ನೂರರ ನೋಟು.
ವೇಬಿಲ್ಲಿಗೆ ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮಿ ಇಲ್ಲ.
ಹನ್ನೊಂದು ವರ್ಷ ಶಾರ್ಟ್ ಬರದಾಕಿ ಅಂತ
ನೋಟಿಸ್ ಬೋರ್ಡಿಗೆ ನನ್ನ ಹೆಸರು ಹಚ್ಚಿದ್ರು.

ಮನಿ ಲೆಕ್ಕ ಮಾತ್ರ
ಸಾಸಿವಿ ಡಬ್ಬಿ, ಜೀರಗಿ ಡಬ್ಬಿ, ಫಕ್ಕೀರೇಶನ ಅಂಗಿ ಕಿಸೆ.
ಯಾವುದರಾಗ ಎಷ್ಟು, ಡಬ್ಬಿಗೂ ಗೊತ್ತಿಲ್ಲ.

ಯಾರಿಗೆ ಬೈಯಲಿ?
ಬ್ಯಾನಿ ಬಂದಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ.
ಕಂತಿನ ಮ್ಯಾಲ ಒಂದು ಸೋಫಾ ಬಂತು.
ಸೋಫಾದ ಮ್ಯಾಲ ಕೂತವರಿಗೆ ಟಿವಿ ಸಣ್ಣದನಿಸ್ತು.
ನಾದಿನಿ ಕೂಸಿಗೆ ಬೆಳ್ಳಿ ಉಡದಾರ ಸಾಕಿತ್ತು,
ಬಂಗಾರದ ಸರ ಹಾಕಿ ನಕ್ಕೆ;
ಫೋಟೋದಾಗ ನಗಿ ಛಲೋ ಬಂದೈತಿ.
ಕಂತಿಗೆ ಬಳಿ ಒತ್ತಿ ಇಟ್ಟೆ,
ಬಳಿ ಬಡ್ಡಿಗೆ ಸಂಘದಾಗ ಸಾಲ,
ಸಂಘದ ವಾರಕ್ಕ ಕೈಗಡ, ತಿಂಗಳಿಗೆ ನೂರಕ್ಕ ಮೂರು.
ಬಾಗಲತನಕ ಸೀಟೆಲ್ಲ ಅವರವ.
ಸ್ವಲ್ಪ ಹಿಂದ ಸರೀರಿ ಅಂತ
ಯಾರಿಗೆ ಹೇಳಲಿ ನಾನು?

ಕ್ಯಾಶಿಯರ್ ಮೌನೇಶಪ್ಪ ಬಡಿಗೇರ,
ನಿವೃತ್ತಿಗೆ ಎರಡು ತಿಂಗಳಿತ್ತು ಅವರಿಗೆ,
ಮುಂಗಡ ಕೇಳಿ ನಾ ಬರದ ಅರ್ಜಿ ಓದಲಿಲ್ಲ.
ತಿರುವಿ, ಖಾಲಿ ಬೆನ್ನು ತೋರಿಸಿದ್ರು.
“ದ್ರಾಕ್ಷಾಯಣಿ, ಇಲ್ಲೆ ಮನಿ ವೇಬಿಲ್ ಬರಿ.
ಯಾರ್ಯಾರು ಹತ್ಯಾರ, ಎಲ್ಲೆಲ್ಲಿ ಹತ್ಯಾರ,
ಯಾರನ್ನ ಮೊದಲ ಇಳಸ್ತಿ.”
ಬರದೆ.
ಕೂಡಿಸಿದ್ರ ಮೂರು ಲಕ್ಷದ ಹದಿನೆಂಟು ಸಾವಿರದ ನಾಲ್ಕುನೂರು.
ಅಷ್ಟು ದಿನ ಅದಕ್ಕ
ಸ್ವಲ್ಪ ಅಂತ ಹೆಸರಿಟ್ಟಿದ್ದೆ.

ಫಕ್ಕೀರೇಶ ಒಂದು ವಾರ ಮಾತಾಡಲಿಲ್ಲ.
ಎಂಟನೇ ದಿನ ನನ್ನ ಪುಸ್ತಕದಾಗ
ತಾನಾಗೇ ಬರದಿದ್ದ: ಗುಟಕಾ, ನಲವತ್ತು.
ಹದಿನಾಲ್ಕು ವರ್ಷದಾಗ
ಅಂವ ನನಗ ಬರದ ಮೊದಲ ಪತ್ರ ಅದು.

ಸೋಫಾ ಮಾರಿದ ದಿನ ಮನಿ ದೊಡ್ಡದಾತು.
ನೂರಕ್ಕ ಮೂರನ್ನ ಶಿರಗುಪ್ಪಿಯೊಳಗ ಇಳಿಸಿದೆ,
ಅದಕ್ಕ ಕಟ್ಟೂ ರೊಕ್ಕಾನ ಸಂಘಕ್ಕ ಹಚ್ಚಿದೆ.
ನಡುವ ಒಂದು ಶ್ರಾವಣದಾಗ
ಓಡೂ ಬಸ್ಸಿಗೆ ಇಳಕಲ್ ಸೀರಿಯೊಂದು ಹತ್ತಿಬಿಡ್ತು;
ಅದನ್ನ ಉಟ್ಟಾಗೆಲ್ಲ ಸೆರಗು ಭಾರ.
ಬಳಿ ಬಿಡಿಸಿಕೊಂಡು ಬಂದ ಸಂಜಿ
ಕೈಗೆ ಏರಲೇ ಇಲ್ಲ,
ಸಾಲದೊಳಗೂ ಮೈ ಬಂದಿತ್ತು ನೋಡ್ರಿ ನನಗ.

ಹೆಣ್ಣುಮಕ್ಕಳಿಗೆ ದಿನಾ ಸೊನ್ನಿ ಟಿಕೀಟ್ ಕೊಡತೀನಿ.
“ಪುಗಸಟ್ಟೆ ಐತಲ್ಲ, ಚೀಟಿ ಯಾಕ?” ಅಂತಾರ.
ಸೊನ್ನಿನೂ ಲೆಕ್ಕನ ಯವ್ವಾ.
ಹರೀದಿದ್ರ ನನಗ ಮೆಮೋ ಬರತೈತಿ.

ನಾಲ್ಕು ವರ್ಷ ಎರಡು ತಿಂಗಳಿಗೆ
ಸೊಸೈಟಿಯವರು ಕಾಗದ ಕೊಟ್ಟರು: ಬಾಕಿ ಇಲ್ಲ.
ಮಡಚಿ ಬ್ಯಾಗಿನ ಒಳಕಿಸೆಗೆ ಇಟ್ಟೆ.
ಕುಣೀಬೇಕಿತ್ತೇನೋ. ಹೊಟ್ಟಿ ಹಸದಿತ್ತು,
ಹೊಸೂರ ಸ್ಟ್ಯಾಂಡಿನಾಗ ಡಬ್ಬಿ ಬಿಚ್ಚಿ
ರೊಟ್ಟಿ ಪುಂಡಿಪಲ್ಲೆ ಉಂಡೆ.

ಅದ ಮಧ್ಯಾಹ್ನ, ಅಣ್ಣಿಗೇರಿಯೊಳಗ,
ಮೊಬೈಲ್ ಕವರಿನ ಹಿಂದಿಂದ ಚೀಟಿ ತಗದು
ಹುಡುಗ ಒಬ್ಬಾಂವ ಮುಂದ ಹಿಡದ.
ಮಷೀನಿನ ಅಕ್ಷರ ಪೂರಾ ಅಳಿಸಿದ್ದುವು,
ಊರಿಲ್ಲ, ತಾರೀಖಿಲ್ಲ, ದರ ಇಲ್ಲ.
ಬೆನ್ನ ಮ್ಯಾಲ ನನ್ನ ಪೆನ್ನಿನ ಎಂಟು
ಇನ್ನೂ ನೀಲಿ.

ಹತ್ತು ಕೊಟ್ಟೆ.
“ಎರಡು ಚಿಲ್ಲರ ಇಲ್ಲಲ್ರಿ ಅಕ್ಕಾರ,
ಬರದು ಕೊಡ್ಲೇನು?” ಅಂದ.

ರೈಟ್ ಅಂದೆ.
ಮಾಬುಸಾಬ ಗೇರ್ ಹಾಕಿದ.